ಹನ್ನೆರಡ ಹದಿನಾಲ್ಕಲೆ

ಗುರುವಾರ ಪುಣೆಯಲ್ಲಿ ಕರೆಂಟೂ ವಾರ ಹಿಡಿಯುತ್ತದೆ.
ಬೆಳಿಗ್ಗೆ ಹತ್ತಕ್ಕೆ ಹೋದದ್ದು ಸಂಜೆ ಐದಕ್ಕೆ
ಹಸಿದ ಹೊಟ್ಟೆಯಲ್ಲಿ ಓಡಿ ಬರುತ್ತದೆ.
ಮೊನ್ನೆ ಹಾಗೆ ಬಂದದ್ದೇ
ಮೇಜಿನ ಕೆಳಗೆ ಫಟ್ ಅಂತು.
ಕೂದಲು ಸುಟ್ಟ ವಾಸನೆ. ಅಲ್ಲ, ಮೀನಿನದು. ಅಲ್ಲ,
ಎರಡನ್ನೂ ಒಂದೇ ಬಾಣಲೆಗೆ ಹಾಕಿದ ಹಾಗೆ.

ಒಳಗೆ, ಡಿಸ್ಕಿನಲ್ಲಿ, ಬುಧವಾರ ರಾತ್ರಿ ಅರ್ಧಕ್ಕೆ ಬಿಟ್ಟ
ಬಿಬವೇವಾಡಿ ಮಲಕಾಜಪ್ಪನವರ ಮೊಮ್ಮಗಳ ತೊಟ್ಟಿಲ ಕಾರ್ಡು:
ಮೇಲೆ ಮರಾಠಿ, ಕೆಳಗೆ ಕನ್ನಡ,
ಹೆಸರಿಡುವ ಸೋದರತ್ತೆಯ ತನಕ ಬಂದು
ನಿದ್ದೆ ಬಂದಿತ್ತು ನನಗೆ.

ಸತ್ತ ಪೆಟ್ಟಿಗೆ, ಕ್ಯಾಬಿನೆಟ್ಟಿನ ಜೊತೆ ಸುಮ್ಮನೆ ಬಂದದ್ದು.
ಪುಕ್ಕಟೆ ಸಿಕ್ಕರೆ ನನಗೂ ಇರಲಿ ನಮ್ಮಪ್ಪಗೂ ಇರಲಿ
ಅಂತ ಒಳಗಿಟ್ಟುಕೊಂಡಿದ್ದೆ,
ಒಂದು ದಿನ ಬಿಚ್ಚಿ ನೋಡಿದವಳಲ್ಲ.

ತಾಪಕೀರ ಗಲ್ಲಿ. ವೈರಿನ ಸುರುಳಿ, ದೀಪದ ಮಾಲೆ, ಕೈಗಾಡಿ,
ಯಾರದೋ ಮೊಣಕೈ.
ಹಸ್ತಿಮಲ್ ಕಾಕಾನ ಮಾರವಾಡಿ ಮರಾಠಿ,
ನನ್ನ ಅಫಜಲಪುರದ ಮರಾಠಿ,
ನಡುವೆ ಒಂದು ಸ್ಕ್ರೂಡ್ರೈವರು.
ಎಡಗೈಗೆ ಕೊಟ್ಟ: ಐನೂರು ವ್ಯಾಟು, ಆರುನೂರೈವತ್ತು ರೂಪಾಯಿ,
ಚುರುಮುರಿ ಪೊಟ್ಟಣದಷ್ಟು ಭಾರ.
ಬಲಗೈಗೆ: ನಾನೂರೈವತ್ತು ವ್ಯಾಟು, ಎರಡು ಸಾವಿರದ ಒಂಬೈನೂರು.
ಕೈ ತಾನೇ ಕೆಳಗಿಳಿಯಿತು.

‘ತೂಕ ನೋಡಿ ತಗೋಬೇಕು ಅಂತಾರಲ್ಲ?’ ಅಂದೆ, ತಿಳಿದವಳ ಹಾಗೆ.
ಆತ ನಕ್ಕು ಡ್ರಾವರಿನಿಂದ ಮೂರನೆಯದು ತೆಗೆದ.
ಅದೂ ಭಾರವೇ. ನಾಲ್ಕು ಸ್ಕ್ರೂ ಬಿಚ್ಚಿದ.
ಒಳಗೆ ಗೋಂದು ಹಚ್ಚಿ ಅಂಟಿಸಿದ
ಒಂದು ಕಬ್ಬಿಣದ ಪಟ್ಟಿ.
‘ತೂಕ ನೋಡುವವರಿಗಾಗಿಯೇ ಮಾಡಿದ್ದು ಇದು.’

ಚೀಟಿ ವ್ಯವಹಾರದ ಶಿವಶರಣ ನೆನಪಾದ.
ಏನು ತೂಕದ ಮಾತು ಅವನದು, ಏನು ಉಂಗುರ.

‘ದೊಡ್ಡ ಅಕ್ಷರ ಬಿಡು. ಕೆಳಗಿನ ಸಣ್ಣ ಸಾಲು ಓದು.
ಹನ್ನೆರಡು ವೋಲ್ಟಿನ ಮುಂದೆ ಎಷ್ಟು ಆಂಪ್ಸು?’
‘ಹದಿನಾಲ್ಕು.’
‘ಗುಣಿಸು.’
ಹನ್ನೆರಡ ಹದಿನಾಲ್ಕಲೆ...
ಇಪ್ಪತ್ತಾರು ವರ್ಷ ಈ ಊರಲ್ಲಿದ್ದೇನೆ,
ಮಗ್ಗಿ ಮಾತ್ರ ಇನ್ನೂ ಕನ್ನಡದಲ್ಲೇ ಬರುತ್ತದೆ...
ನೂರಾ ಅರವತ್ತೆಂಟು.
‘ಐನೂರರಲ್ಲಿ ಉಳಿದದ್ದು ಏನು?’
‘ಹೆಚ್ಚಿನದು ಬರೀ ಶಾಯಿ.’

ಶಾಯಿ ನನ್ನದೇ ಧಂದೆ. ನಾನೇನೂ ಅನ್ನಲಿಲ್ಲ.
ಬಲಗೈಯದನ್ನು ತಿರುಗಿಸಿ ಓದಿದೆ: ಮೂವತ್ತಾರು ಆಂಪ್ಸು.
ಈ ಸಲ ಬೆರಳು ಮಡಚಿ ಮಡಚಿ ಗುಣಿಸಿದೆ.
ನಾನೂರಾ ಮೂವತ್ತೆರಡು. ಹೇಳಿದ್ದಕ್ಕೂ ಇದ್ದದ್ದಕ್ಕೂ
ಹದಿನೆಂಟರ ಅಂತರ. ಇಷ್ಟು ಸುಳ್ಳು ಮನೆಯಲ್ಲೂ ನಡೆಯುತ್ತದೆ.

‘ಇದು ಸಾಯೋದಿಲ್ಲವಾ ಕಾಕಾ?’
‘ಎಲ್ಲಾ ಸಾಯ್ತವೆ. ಒಳ್ಳೆಯದು ತಾನೊಂದೇ ಸಾಯ್ತದೆ.
ಕೆಟ್ಟದ್ದು ಬೋರ್ಡು, ಡಿಸ್ಕು,
ಮನೆಮಂದಿಯನ್ನೆಲ್ಲ ಕರಕೊಂಡು ಹೋಗ್ತದೆ.’
ನೋಟು ಎಣಿಸುತ್ತಿದ್ದ ನನ್ನ ಬೆರಳು
ಅಲ್ಲೇ ನಿಂತಿತು. ನನ್ನ ಡಿಸ್ಕು?

ಐದು ವರ್ಷದ ಗ್ಯಾರಂಟಿ. ಬಿಲ್ಲಿನ ಅಕ್ಷರ
ಆರು ತಿಂಗಳಿಗೇ ಮಾಸಿಹೋಗುತ್ತದಂತೆ,
ಝೆರಾಕ್ಸ್ ಮಾಡಿಸಿಟ್ಟುಕೋ ಎಂದ.
ಯಾರಿಗೆ ಹೇಳುತ್ತಿದ್ದಾನೆ!

ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೆ.
‘ಪೇಢೆಯಾ?’ ಕೇಳಿದಳು ಪಕ್ಕದವಳು,
ಡಬ್ಬಿಯ ಭಾರ ನೋಡಿ. ಹೂಂ ಅಂದೆ, ತೊಟ್ಟಿಲ ಕಾರ್ಯ.

ನಾಲ್ಕು ಸ್ಕ್ರೂ. ದಪ್ಪ ವೈರು ಬಗ್ಗಲೊಲ್ಲದು,
ಹೊಸ ಸೊಸೆಯ ಬಿಗುಮಾನ.
ಬಟನ್ ಒತ್ತಿ ಕಣ್ಣು ಮುಚ್ಚಿದೆ.
ಮೊದಲು ಫ್ಯಾನು. ಆಮೇಲೆ, ಬಹಳ ಹೊತ್ತಾದ ಮೇಲೆ,
ಡಿಸ್ಕು ಗುರ್ರೆಂದು ಮಗ್ಗಲು ಬದಲಿಸಿತು.
ಸೋದರತ್ತೆಯ ಮುಂದೆ ಕರ್ಸರು
ಬಿಟ್ಟಲ್ಲೇ ನಿಂತು ಮಿಟುಕುತ್ತಿತ್ತು.
ಟೈಪ್ ಮಾಡಿದೆ: ಸೌ. ನಿಂಬೆವ್ವ.

ಮತ್ತೆ ಗುರುವಾರ. ಐದಾಗುವ ಮೊದಲೇ ಪ್ಲಗ್ ಕಿತ್ತಿಟ್ಟೆ.
ಹೊಸದರ ಮೇಲೆ ನಂಬಿಕೆ ಇಲ್ಲವೆಂದಲ್ಲ.
ಉಪವಾಸದಿಂದ ಎದ್ದು ಬಂದದ್ದು,
ಗಲ್ಲಿಯ ದೀಪ, ಪಕ್ಕದ ಮನೆಯ ಮಿಕ್ಸರು,
ಮೊದಲು ಅಲ್ಲೆಲ್ಲ ನೀರು ಕುಡಿದು
ಸುಧಾರಿಸಿಕೊಂಡು ಬರಲಿ.