ಅಂಗಿತೋಳಿನೊಳಗಿನ ಬೆಲೆ

ವರದಿಯ ಮೂರನೇ ಕರಡು. ಅಸ್ತಾನಾದಲ್ಲಿ ಮೈನಸ್ ಇಪ್ಪತ್ತೊಂಬತ್ತು.
'ಯುರೇನಿಯಂ ವ್ಯಾಪಾರ: ಮುಂದಿನ ಹದಿನೈದು ವರ್ಷ'
ಎಂದು ಬರೆದದ್ದರ ಕೆಳಗೆ
ಕರ್ಸರ್ ಕಣ್ಣು ಮಿಟುಕಿಸುತ್ತ ಕೂತಿದೆ.

ಬೇಡಿಕೆಯ ಗೆರೆ ಮೇಲಕ್ಕೇ. ಅದನ್ನೆಳೆಯುವುದು ಸುಲಭ.
ಗಾಳಿ ಬಂದಾಗ ತೂರಿಕೋ ಅನ್ನುತ್ತಾರೆ ಉಪಮಂತ್ರಿ.
ಈ ಹುಲ್ಲುಬಯಲಲ್ಲಿ ಗಾಳಿ ನಿಂತದ್ದನ್ನು ನಾನಂತೂ ಕಂಡಿಲ್ಲ;
ಕಾಳೆಷ್ಟು, ಹೊಟ್ಟೆಷ್ಟು, ಅದು ಹೇಳಲಿ ಯಾರಾದರೂ.

ನನ್ನಜ್ಜ ಝುಮಾತಾಯ್ ಕುದುರೆ ಮಾರುತ್ತಿದ್ದ.
ಸಂತೆಯಲ್ಲಿ ಬೆಲೆಯ ಸೊಲ್ಲೆತ್ತಿದವನಲ್ಲ.
ಕೊಳ್ಳುವವನ ಉದ್ದ ಅಂಗಿತೋಳಿನೊಳಗೆ ಕೈ ತೂರಿಸಿ
ಬೆರಳು ಒತ್ತುತ್ತಿದ್ದ:
ಎರಡು, ಮೂರು, ಅರ್ಧ ಮಡಚಿದ ಕಿರುಬೆರಳು.
ತುಟಿಯ ಮೇಲೆ ಮಾತ್ರ ಹಿಮದ ಮಾತು, ಮೇವಿನ ಮಾತು.
ಈ ಹಳದಿ ಪುಡಿಯೂ ಹಾಗೇ ಬಿಕರಿಯಾಗುತ್ತದೆ.
ಪತ್ರಿಕೆಯಲ್ಲಿ ಅಚ್ಚಾಗುವ ದರ ಒಂದು,
ಹತ್ತು ವರ್ಷದ ಒಪ್ಪಂದದೊಳಗೆ ಒತ್ತಿದ ಬೆರಳು ಇನ್ನೊಂದು.

ಏಳನೇ ಪ್ಯಾರಾದಲ್ಲಿ ಬರೆದೆ: ಆಮ್ಲ ಸಾಲದು.
ಕೊರೆದಿಟ್ಟ ಬಾವಿಗಳು ಬಾಯಿ ತೆರೆದು ಟ್ಯಾಂಕರ್ ರೈಲಿಗೆ ಕಾದಿವೆ.
ಎಂಟರಲ್ಲಿ: ಉತ್ತರದ ದಾರಿಗೆ ಬೀಗ, ಕೀಲಿ ಪರರ ಸೊಂಟದಲ್ಲಿ.
ಪಶ್ಚಿಮಕ್ಕೆ ಕ್ಯಾಸ್ಪಿಯನ್; ಅದೋ ವರ್ಷವರ್ಷ ಹಿಂದೆ ಸರಿಯುತ್ತಿದೆ,
ಅಕ್ತಾವ್ ಬಂದರಿನಿಂದ ಹಡಗು ಅರೆಹೊಟ್ಟೆಯಲ್ಲೇ ಹೊರಡುತ್ತದೆ
ತಳ ತಾಗೀತೆಂದು.

ಎರಡಕ್ಕೂ ಕೆಂಪು ಗೀಟು.
"ಇದು ಮುನ್ನೋಟ, ಶೋಲ್ಪಾನ್. ದೂರಿನ ಅರ್ಜಿ ಅಲ್ಲ."

ಹತ್ತನೇ ಪ್ಯಾರಾ ಅವರಿಗೆ ಹಿಡಿಸಿತು:
ಉಣ್ಣೆ ಮಾರಿ ಕಂಬಳಿ ಕೊಂಡದ್ದು ಸಾಕು,
ಇನ್ನು ಬಿಲ್ಲೆಗಳನ್ನೇ ಮಾರೋಣ, ಕಂತೆ ಕಟ್ಟಿ.
ಓಸ್ಕೆಮೆನ್‌ನಲ್ಲಿ ನನ್ನ ಅತ್ತಿಗೆ ರೌಶಾನ್
ಪಾಳಿಯಲ್ಲಿ ಆ ಬಿಲ್ಲೆಗಳನ್ನು ತಪಾಸಣೆ ಮಾಡುತ್ತಾಳೆ,
ಬೆರಳ ತುದಿಯಷ್ಟೂ ಇಲ್ಲ ಒಂದೊಂದು,
ಒಳಗೆ ಒಂದು ಟನ್ ಕಲ್ಲಿದ್ದಲಿನ ಕಾವು.
ಮನೆಗೆ ಹೋಗಿ ಒಲೆಗೆ ಕಲ್ಲಿದ್ದಲನ್ನೇ ಒಟ್ಟುತ್ತಾಳೆ.
ಮಗನಿಗೆ ಚಳಿಗಾಲವಿಡೀ ಕೆಮ್ಮು.
ಅದಕ್ಕೊಂದು ಕೋಷ್ಟಕ ಹುಡುಕಿದೆ, ಸಿಗಲಿಲ್ಲ.

ಕಚೇರಿ ಖಾಲಿ. ರಾತ್ರಿ ಒಂಬತ್ತೂವರೆ.
ಅಜ್ಜ ಅನ್ನುತ್ತಿದ್ದ: ಬೆರಳಲ್ಲಿ ಸುಳ್ಳು ಹೇಳಬಹುದು ಮಗಾ,
ಕುದುರೆಯ ಹಲ್ಲಿಗೆ ಹೇಳಿಕೊಡಲಾಗದು.
ಕೊಳ್ಳುವವನು ತುಟಿ ಎತ್ತಿ ನೋಡೇ ನೋಡುತ್ತಾನೆ.
ನೋಡುವ ಮೊದಲು ನೀನೇ ಎತ್ತಿ ತೋರಿಸು,
ಆಮೇಲೆ ಚೌಕಾಸಿ.

ಏಳು, ಎಂಟು ಮರಳಿ ಸೇರಿಸಿದೆ.
ಪುಟಸಂಖ್ಯೆ ಒಂದು ಹೆಚ್ಚಾಯಿತು.
ಪ್ರಿಂಟರ್ ಬೆಚ್ಚಗಿತ್ತು; ಕಾಗದ ಬರುವವರೆಗೆ
ಅದರ ಮೇಲೆ ಕೈ ಇಟ್ಟುಕೊಂಡು ನಿಂತೆ.