ಹಿಡಿಕೆಗೆ ತೂಗಿದ ಬುತ್ತಿ

ಹೊನ್ನಲಗೆರೆ, ಹೊನ್ನಾಯಕನಹಳ್ಳಿ.
ಒಂದೇ ಪ್ಯಾನೆಲ್ಲಿನಲ್ಲಿ ಅಕ್ಕಪಕ್ಕ, ಒಂದೇ ಬಣ್ಣದ
ಎರಡು ಹಿಡಿಕೆ. ಕೆಳಗೆ ಹೆಸರು ಬರೆದವನು
‘ಹೊನ್ನ’ದವರೆಗೆ ದಪ್ಪಗೆ ಬರೆದು
ಮುಂದಕ್ಕೆ ಜಾಗ ಸಾಲದೆ ಇರುವೆಸಾಲು ಮಾಡಿದ್ದಾನೆ.
ಹಗಲಲ್ಲಿ ಇದು ನಗುವ ಮಾತು.

ಮದ್ದೂರಿನಾಚೆಯ ಈ ಸ್ಟೇಷನ್ನಿಗೆ
ರಾತ್ರಿ ಬರುವುದು ಆಲೆಮನೆಯ ಹೊಗೆಯ ಜೊತೆ;
ಪಾಕದ ವಾಸನೆಗೆ ರೆಪ್ಪೆ ಅಂಟುತ್ತದೆ.
ಹತ್ತಕ್ಕೆ ಬರಬೇಕಿದ್ದ ರೇವಣ್ಣ ಬರಲಿಲ್ಲ,
ಹೆಂಡತಿಗೆ ಹೆರಿಗೆ ನೋವಂತೆ. ಬೈಯಲೂ ಆಗದ ಕಾರಣ.
ಮಧ್ಯಾಹ್ನ ಎರಡರಿಂದ ಕೂತವಳು
ನನ್ನಿಂದ ನಾನೇ ಚಾರ್ಜು ತೆಗೆದುಕೊಂಡೆ:
ಕೊಟ್ಟವರ ಕಡೆ ನನ್ನ ಸಹಿ,
ಪಡೆದವರ ಕಡೆ ನನ್ನ ಸಹಿ.

ಹನ್ನೆರಡೂವರೆಗೆ ಜೋಗಯ್ಯ ಬಂದು
ಹೊನ್ನಲಗೆರೆ ಲೈನಲ್ಲಿ ಜಂಪ್ ಕಡಿದದೆ, ಎಲ್ಸಿ ಕೊಡವ್ವ ಅಂದ.
ಕೊಟ್ಟೆ. ಹಿಡಿಕೆಯ ಬೀಗ ಕೆಟ್ಟು ನಾಲ್ಕು ತಿಂಗಳು,
ಬರೆದ ಪತ್ರ ಎರಡು, ಬಂದ ಉತ್ತರ ‘ಪರಿಶೀಲನೆಯಲ್ಲಿದೆ’.
‘ಜನ ಕೆಲಸದಲ್ಲಿದ್ದಾರೆ’ ಎಂಬ ಕೆಂಪು ಹಲಗೆಯನ್ನು
ಬಾಗಿಲು ಬಡಿಯದಂತೆ ಒತ್ತು ಕೊಟ್ಟಿದ್ದೇವೆ.
ಜೋಗಯ್ಯ ಎಂದಿನಂತೆ ತನ್ನ ಬುತ್ತಿ ಡಬ್ಬಿಯನ್ನು
ಹೊನ್ನಲಗೆರೆಗೆ ತಗುಲಿಸಿ ಹೊರಟ.
“ಹಿಡಿಕೆಗೂ ಹಸಿವೇನಯ್ಯ?”
ಎಂದಿನಂತೆ ನಾನು ನಕ್ಕೆ.

ಆಮೇಲೆ ಫೋನು. ಫೋನು. ಗದ್ದೆಗೆ ನೀರು ಕಟ್ಟಲು ಕಾದವರು:
ಮೂರೂವರೆಗೆ ತ್ರೀ ಫೇಸ್ ಅಂದಿದ್ರಲ್ಲ ಹೊನ್ನಾಯಕನಹಳ್ಳಿಗೆ,
ಇನ್ನೂ ಯಾಕೆ, ನಿದ್ದೇನಾ?

ನಿದ್ದೆ ಹಾಗೆ ಬರುವುದಿಲ್ಲ, ಜನ ಅಂದುಕೊಂಡಂತೆ
ಆಕಳಿಸಿ, ತೂಕಡಿಸಿ, ಹೇಳಿ ಕೇಳಿ.
ಕಣ್ಣು ತೆರೆದೇ ಇತ್ತು. ಕಾಲು ನಡೆಯಿತು.
ಬಾಯಿ ‘ಹೊನ್ನ’ ಅಂದಿತು, ಕೈ ಎದ್ದಿತು.
ನಾನು ಮಾತ್ರ ಅಲ್ಲಿರಲಿಲ್ಲ.

ಬೆರಳಿಗೆ ತಣ್ಣನೆಯ ಸ್ಟೀಲು.
ಡಬ್ಬಿ ಅಲ್ಲಾಡಿ ಒಳಗೆ ಮುದ್ದೆ ಉರುಳಿದ ಸದ್ದು,
ಮಲಗಿದವರು ಯಾರೋ ಮಗ್ಗುಲು ಬದಲಿಸಿದ ಹಾಗೆ.
ಗಡಿಯಾರದಲ್ಲಿ ಮೂರು ನಲವತ್ತು.
ಎರಡು ಮೈಲಿ ಆಚೆ ಕಬ್ಬಿನ ಗದ್ದೆಯ ಕಂಬದ ತುದಿಯಲ್ಲಿ
ಒಬ್ಬ ಮನುಷ್ಯ ನನ್ನ ಸಹಿಯನ್ನು ನಂಬಿ
ತಂತಿ ಹಿಡಿದಿದ್ದ.

ರಿಜಿಸ್ಟರಿನ ಕೊನೆಯ ಕಲಮು: ವಿಶೇಷ.
ಹಿಂದೆ ಪುಟ್ಟಲಿಂಗ ಅಲ್ಲಿ ನಿಜ ಬರೆದಿದ್ದ.
ಮೆಮೊ ಬಂತು, ಆಮೇಲೆ ವರ್ಗ.
ಅಂದಿನಿಂದ ಪುಟಪುಟವೂ ‘ಏನೂ ಇಲ್ಲ’,
ಮೂರು ಪಾಳಿಯ ಮೂರು ಕೈಬರಹದಲ್ಲಿ ‘ಏನೂ ಇಲ್ಲ’.
ಏನೂ ಆಗಲಿಲ್ಲವಲ್ಲ, ನಿಜಕ್ಕೂ. ಯಾರು ನೋಡಿದರು?
ಒಂದು ಮುದ್ದೆ ನೋಡಿತು.

ಬರೆದೆ. ಗಂಟೆ, ಹಿಡಿಕೆ, ಬೀಗ, ಬಾಗಿಲಿಗೆ ಕೊಟ್ಟ ಹಲಗೆ,
ಎಚ್ಚರದ ಹದಿನಾಲ್ಕನೇ ತಾಸು.

ಎಂಟಕ್ಕೆ ಎಇ ಮೇಡಂ ಫರ್ಹಾನಾ ಬಂದರು,
ನಿಂತೇ ಓದಿದರು, ಎರಡು ಸಲ.
ಯಾರ ತಪ್ಪು ಎಂಬ ಪ್ರಶ್ನೆಗೆ ನಾನು ಉತ್ತರ ಕಟ್ಟಿಕೊಂಡಿದ್ದೆ.
ಅವರು ಕೇಳಿದ್ದು, “ಊಟ ಎಷ್ಟೊತ್ತಿಗೆ ಮಾಡಿದ್ರಿ?”
ಬಗ್ಗಿ ಆ ಹಲಗೆಯನ್ನೆಳೆದು
ದುಪಟ್ಟದಲ್ಲಿ ಒರೆಸಿದರು. ಬಾಗಿಲು ಧಡ್ಡೆಂದು ಬಡಿಯಿತು.
ಮುಂದೇನೋ ಗೊತ್ತಿಲ್ಲ. ವರದಿ ಮಂಡ್ಯಕ್ಕೆ ಹೋಗಬೇಕು,
ಮಂಡ್ಯದಲ್ಲಿ ಮೇಡಂಗಿಂತ ದೊಡ್ಡವರಿದ್ದಾರೆ.

ಆದರೆ ಬರೆಯುವ ಮುಂಚೆಯೇ, ನಸುಕಿನಲ್ಲಿ,
ಎಲ್ಸಿ ಮರಳಿಸಲು ಬಂದ ಜೋಗಯ್ಯನಿಗೆ ಹೇಳಿಬಿಟ್ಟಿದ್ದೆ.
ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚಿ
ತಣ್ಣಗಾದ ಮುದ್ದೆ ಮುರಿದು ಉಪ್ಪೆಸರಿಗೆ ಅದ್ದಿದ್ದ.
ತುತ್ತು ಬಾಯಲ್ಲೇ ನಿಂತಿತು.
ಮುದ್ದೆ ನುಂಗುವ ಸೀಮೆ ನಮ್ಮದು, ಅಗಿಯುವವರಲ್ಲ.
ಅವತ್ತು ಅವನು ಅಗಿದ, ಬಹಳ ಹೊತ್ತು.

“ಅಂಗಾರೆ ನಾಳಿಂದ ಎಲ್ಡು ಡಬ್ಬಿ ತತ್ತೀನಿ ಬುಡವ್ವ.”

ಇನ್ನೊಂದು ಯಾರಿಗೆಂದು ನಾನು ಕೇಳಲಿಲ್ಲ.