ಎಡಗೈ

ವಿಮಾನ ಕಾರ್ಖಾನೆಯ ಗೇಟಿನೆದುರು ಹೊಂಗೆಯ ಕೆಳಗೆ
ನಮ್ಮಪ್ಪನ ಗೋಣಿತಾಟು, ಉಳಿ, ರಂಪಿಗೆ, ಮೇಣದ ದಾರ.
ಯುದ್ಧದ ಕಾಲ. ಅಮೆರಿಕದ ಸಿಪಾಯಿಯೊಬ್ಬ,
ನಮಗಿಂತ ಕಪ್ಪು, ಬಂದು ನೆಲದ ಮೇಲೇ ಕೂತ.
ಬೂಟು ಬಿಚ್ಚಲಿಲ್ಲ. ಚೀಲದಿಂದ ತೆಗೆದ
ಸಣ್ಣ ಕುಂಬಳದಷ್ಟು ದಪ್ಪದ ಒಂದು ಚರ್ಮದ ಕೈ.

ಅಪ್ಪ ಮೂಸಿ ನೋಡಿದ. ‘ದನದ್ದೇ. ಹದ ಚೆನ್ನಾಗಿದೆ.’
ಹೆಬ್ಬೆರಳ ಬುಡದಲ್ಲಿ ಹೊಲಿಗೆ ಬಿಟ್ಟಿತ್ತು.
‘ಒಂದೇನಾ? ಬಲಗೈದೆಲ್ಲಿ?’
ಸಿಪಾಯಿ ಎಡಗೈ ಎತ್ತಿ ತೋರಿಸಿದ: ಇದೊಂದೇ ಸಾಕು.
ಅಪ್ಪ ನಕ್ಕ. ನಾವು ಎಡಗೈಯವರು,
ಅದನ್ನ ಅವನಿಗೆ ಹೇಳೋ ಇಂಗ್ಲಿಷು
ಮಿಷನ್ ಸ್ಕೂಲಿನ ನಾಲ್ಕನೇ ಕ್ಲಾಸಲ್ಲಿ ಇರಲಿಲ್ಲ.

ಹೆಸರು ಎಜ್ರಾ. ಊರಲ್ಲಿ ಚೆಂಡಾಟದವನಂತೆ.
‘ಏನು ಕೆಲಸ?’
‘ಮೈದಾನದಲ್ಲಿ ಎಲ್ಲರಿಗಿಂತ ದೂರ ನಿಲ್ಲೋದಂತಪ್ಪಾ.’
‘ಅದಕ್ಕೂ ಸಂಬಳ ಕೊಡ್ತಾರಾ?’

ಒಂಬತ್ತು ವರ್ಷ. ಕರಿಯರದೇ ತಂಡ, ಕರಿಯರದೇ ಲೀಗು,
ಬಿಳಿಯರು ಪರವೂರಿಗೆ ಹೋದ ದಿನ ಅವರ ಮೈದಾನ ಬಾಡಿಗೆಗೆ.
ಬಸ್ಸಲ್ಲೇ ನಿದ್ದೆ. ಬಸ್ಸಲ್ಲೇ ಒಗೆದ ಕಾಲುಚೀಲ ಒಣಗೋದು.
ಊಟ ಎಲ್ಲಿ ಅಂದರೆ ಎಜ್ರಾ ಮಾತಾಡಲಿಲ್ಲ,
ಗೋಡೆ ಸುತ್ತಿ ಹಿಂದೆ ಹೋಗುವಂತೆ ಕೈ ತಿರುವಿದ.
ನಾನು ಬಾಯಿ ತೆರೆಯೋ ಮೊದಲೇ
ಅಪ್ಪ ತಲೆಯಾಡಿಸಿದ, ದಾರ ಹಲ್ಲಲ್ಲಿ ಕಚ್ಚಿಕೊಂಡೇ.

ಎಷ್ಟು ಹಿಡಿದೆ, ಎಷ್ಟು ಹೊಡೆದೆ? ಕೇಳಿದೆ.
ಲೆಕ್ಕ ಬರೆಯೋನೇ ಟಿಕೀಟೂ ಹರೀತಿದ್ದನಂತೆ,
ಜನ ಜಾಸ್ತಿ ಬಂದ ದಿನ ಪುಸ್ತಕ ಖಾಲಿ.
ಒಂದು ಮಾತ್ರ ನೆನಪು: ಮುಸ್ಸಂಜೆ, ಲೈಟಿಲ್ಲ,
ಚೆಂಡು ಕಾಣಲೇ ಇಲ್ಲ, ದಾಂಡಿನ ಸದ್ದು ಹಿಡಿದು ಓಡಿದ,
ಬೇಲಿ ಬೆನ್ನಿಗೆ ಬಡಿಯಿತು, ಕೈ ತೆರೆದರೆ ಒಳಗಿತ್ತು.
ಆವತ್ತೂ ಯಾರೂ ಬರೆದಿಲ್ಲ.

ಹೊಲಿಗೆ ಮುಗಿಯಿತು. ಪರೀಕ್ಷೆಗೆ ನನ್ನ ಕೈಗೆ ಚೆಂಡು ಕೊಟ್ಟು
ಹಿಂದೆ ಹಿಂದೆ ನಡೆದ, ಜಟಕಾ ದಾಟಿ, ಹುಣಸೆಮರ ದಾಟಿ.
ಸಾಕು ಅಂದರೂ ಇನ್ನೂ ದೂರ.
ಎಸೆದೆ, ವಾಲಿತು. ಅವನು ಬೆನ್ನು ತಿರುಗಿಸಿ ಓಡಿದ,
ಮೇಲೆ ನೋಡಲೇ ಇಲ್ಲ ಆಸಾಮಿ.
ಕಾಯಿಸಿದ ತಮಟೆಯ ಮೊದಲ ಪೆಟ್ಟಿನ ಹಾಗೆ ಒಂದು ಸದ್ದು.
ಅಪ್ಪ ಕಣ್ಣು ಮುಚ್ಚಿ ಕೇಳಿ, ‘ನಿಂತಿದೆ,’ ಅಂದ.
ದಾರಕ್ಕೆ ಹೇಳಿದ್ದು.

ಎಂಟಾಣೆ ಕೊಟ್ಟ. ಮೇಲಿಂದ ಬೀಳಿಸಲಿಲ್ಲ.
ಮತ್ತೆ ಬರಲಿಲ್ಲ, ಬರಬೇಕಂತಲೂ ಇರಲಿಲ್ಲ.

ಅಪ್ಪ ಅಳತೆ ನೆನಪಿಟ್ಟು ಚೂರುಪಾರು ಚರ್ಮದಲ್ಲಿ
ನನಗೊಂದು ಮಾಡಿಕೊಟ್ಟ. ನಾಲ್ಕೇ ಬೆರಳಾಯಿತು.
ಮುರುಗೇಶಪಾಳ್ಯದ ಕೆರೆಯಂಗಳದಲ್ಲಿ ಹುಡುಗರು
‘ಏನೋ, ವಿಕೆಟ್ ಕೀಪರಾ?’ ಅಂತ ಕಿಚಾಯಿಸಿದರು.
ಅಲ್ಲ ಕಣ್ರೋ ಅಂದೆ, ಹಿಂದೆ ಹಿಂದೆ ನಡೆಯುತ್ತಾ.